ಅಂಗೈಯಲ್ಲಿ ಆರಿಸಿದ ಕರ್ಪೂರ

ಬಸವೇಶ್ವರನಗರ
೧೨ ಜೂನ್ ೨೦೨೫

ಅಕ್ಕನಿಗೆ ರಾಗಿಣಿಯ ಶರಣು.

ಫೋನ್ ಮಾಡಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ. ನನ್ನನ್ನು ನಂಬು ಎಂದು ಇದೊಂದೇ ಸಲ ಕೇಳುತ್ತೇನೆ, ಇನ್ನು ಕೇಳುವುದಿಲ್ಲ.

ಹೋದ ವರ್ಷ ಕಾಂಡೋಮ್ ಹರಿದ ಮಾರನೆಯ ಬೆಳಗ್ಗೆಯೇ ಬಸಿರು ನಿಲ್ಲದಂತೆ ತಡೆಯುವ ಮಾತ್ರೆ ತಂದು ನುಂಗಿದ್ದೆ. ಮೆಡಿಕಲ್ಸಿನವನು ನನ್ನ ಮೈಯನ್ನು ಮೇಲಿಂದ ಕೆಳಗೆ ನೋಡಿ ಹಲ್ಲು ಕಿರಿದ, ಪೇಪರಿನಲ್ಲಿ ಸುತ್ತಿ ಕೊಟ್ಟ. ಬೇರೆ ಒಂದು ಮಾತು ಹೇಳಲಿಲ್ಲ. ಆದರೂ ಬಸಿರು ನಿಂತಿತು. ನನ್ನ ಗಂಡ ಅನ್ನಿಸಿಕೊಂಡ ರುದ್ರೇಶ, ‘ಮಾತ್ರೆ ನುಂಗಿದ್ದು ನಿಜ ಆದ್ರೆ ಇದು ಯಾರದ್ದು?’ ಎಂದ.

ನೀನಾದರೂ ನನ್ನ ಪರ ಮಾತಾಡುತ್ತೀಯ ಅಂದುಕೊಂಡೆ. ‘ನುಂಗಿದ್ರೆ ಹೆಂಗೆ ನಿಲ್ಲುತ್ತೆ? ನಾಟಕ ಆಡ್ಬೇಡ ಕಣೇ’ ಎಂದು ನೀನೇ ನನ್ನನ್ನು ಕೆಂಗೇರಿಯ ಗುಡಿಗೆ ಎಳೆದೊಯ್ದೆ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡು ಎಂದೆ. ನಾನು ಮಾಡಿದೆ. ಬೊಬ್ಬೆ ಎದ್ದಾಗ, ಸುಳ್ಳು ಹೇಳಿದ್ದಕ್ಕೇ ಸುಟ್ಟಿತು ಎಂದೆಯಲ್ಲ! ಥೂ! ಬೆಂಕಿ ಸುಡದೆ ಇನ್ನೇನು ಮಾಡುತ್ತದೆ? ಬಸಿರು ತೆಗೆಸಿಕೊಂಡೆ, ಮಕ್ಕಳಾಗದ ಹಾಗೆ ಆಪರೇಷನ್ನೂ ಮಾಡಿಸಿಕೊಂಡೆ. ನಾನು ನಿಜವಾಗಿ ನುಂಗಿದ್ದೆನಾ ಎಂದು ನನಗೇ ಅನುಮಾನ ಹುಟ್ಟುವ ಹಾಗೆ ಮಾಡಿದಿರಿ.

ಈಗ ಇಲ್ಲೊಂದು ಕ್ಲಿನಿಕ್ಕಿನಲ್ಲಿ ನನ್ನಂಥ ದಪ್ಪ ಹೆಂಗಸರಿಗೆ ಅದೇ ಮಾತ್ರೆಯ ಜೊತೆ ಕೀಲುನೋವಿನ ಮಾತ್ರೆಯೊಂದನ್ನು ಸೇರಿಸಿ ಕೊಟ್ಟು ಪರೀಕ್ಷೆ ನಡೆಸುತ್ತಿದ್ದಾರೆ. ಬಸಿರಾಗುವ ಭಯವಿರಬಾರದೆಂದು ಆಪರೇಷನ್ ಆದವರನ್ನೇ ಕೇಳಿದ್ದರು, ಸೇರಿಕೊಂಡೆ. ಬಳೆ, ತಾಳಿ ಬಿಚ್ಚಿಟ್ಟು ತೂಕದ ಮಷೀನ್ ಹತ್ತಿದೆ: ತೊಂಬತ್ನಾಲ್ಕು ಕೆಜಿ. ಹಳೆಯದನ್ನೆಲ್ಲ ಹೇಳಿದೆ. ‘ನಿಮ್ಮ ತಪ್ಪಲ್ಲಮ್ಮ, ಈ ತೂಕಕ್ಕೆ ಅದೊಂದೇ ಮಾತ್ರೆ ಎಷ್ಟೋ ಸಲ ಸಾಲಲ್ಲ. ಯಾರೂ ಹೇಳ್ಲಿಲ್ವಾ?’ ಎಂದರು ಡಾಕ್ಟರಮ್ಮ. ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ.

ಈ ಜೋಡಿ ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಅವರಿಗೂ ಇನ್ನೂ ಗೊತ್ತಿಲ್ಲ. ಹೊಟ್ಟೆ ತೊಳಸುತ್ತದಾ ಎಂದು ಪ್ರತಿ ಸಲ ಕೇಳಿ ಬರೆದುಕೊಳ್ಳುತ್ತಾರೆ. ತೊಳಸುತ್ತದೆ ಅಕ್ಕ, ಆದರೆ ಮಾತ್ರೆಯಿಂದಲ್ಲ. ರುದ್ರೇಶನಿಗೆ ಬಡಿಸುವಾಗ ತೊಳಸುತ್ತದೆ. ನೀನು ಕಳಿಸಿದ ಪ್ರಸಾದವನ್ನೂ ಬಾಯಿಗಿಡಲಾಗಲಿಲ್ಲ. ನಿಮ್ಮಿಬ್ಬರನ್ನೂ ನೆನೆದರೆ ಹೇಸಿಗೆಯಾಗುತ್ತದೆ.

ಸುಳ್ಳಾಡದ ನಿನ್ನ ತಂಗಿ,
ರಾಗಿಣಿ

ತಾ.ಕ.: ನಿನ್ನ ಮಗಳು ಧನ್ಯಶ್ರೀ ಮೊನ್ನೆ ಅದೇ ಮಾತ್ರೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅವಳದೂ ನಮ್ಮದೇ ಮೈಕಟ್ಟು. ಮಾತ್ರೆಯೊಂದನ್ನೇ ನಂಬದೆ ಅವತ್ತೇ ಡಾಕ್ಟರಮ್ಮನ ಹತ್ತಿರ ಕಾಪರ್ ಟಿ ಹಾಕಿಸಿದೆ. ಗುಡಿಯಲ್ಲಿ ಅವತ್ತು ಅವಳು ನಿನ್ನ ಪಕ್ಕದಲ್ಲೇ ನಿಂತಿದ್ದಳಲ್ಲ. ‘ಅಮ್ಮಂಗೆ ನೀವೇ ಹೇಳಿ ಚಿಕ್ಕಮ್ಮ, ನಂಗೆ ಭಯ ಆಗುತ್ತೆ’ ಎಂದು ನನ್ನ ಅಂಗೈಯ ಕಲೆ ಸವರುತ್ತಿದ್ದಳು. ನನ್ನ ಮನೆಯಲ್ಲೇ ಇದ್ದಾಳೆ. ಕರೆದೊಯ್ಯಲು ಬರುವುದಾದರೆ ಬಾ, ಕರ್ಪೂರ ಮನೆಯಲ್ಲೇ ಇಟ್ಟು ಬಾ.