ಹದಿನಾರು ಸಲ ಔಟಾದವನ ಅಪ್ಪ

ಅದ್ಲಿಯಾ, ಬಹರೈನ್
೨೧ ಏಪ್ರಿಲ್ ೧೯೯೬, ಭಾನುವಾರ

ಪ್ರೀತಿಯ ತಂಗಿ ಉಷಾಲತಾಳಿಗೆ ಅಣ್ಣ ಮಹಾಬಲನ ಆಶೀರ್ವಾದಗಳು.

ನಿನ್ನ ಕುತ್ತಿಗೆ ನೋವು ಈಗ ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಅಲ್ಲ ಅದು ಕಪಾಟಿನಲ್ಲೇ ಕೂತಿದೆಯೋ? ನಿನ್ನನ್ನು ನಾನು ಬಲ್ಲೆ. ಇಪ್ಪತ್ತೊಂದು ವರ್ಷ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಿದವಳಿಗೆ ತಲೆ ಎತ್ತಿ ಕೂರುವುದೇ ಹೊಸ ಅಭ್ಯಾಸ. ಭಾವನವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಎಂದು ಬರೆದದ್ದು ಓದಿ ಸಮಾಧಾನವಾಯಿತು. ಇಲ್ಲಿ ನಿನ್ನ ಅತ್ತಿಗೆ ಶರ್ಮಿಳಾ, ಅಕ್ಷಿತ್ ಇಬ್ಬರೂ ಕ್ಷೇಮ. ನಾನು ಮಾತ್ರ ಎರಡು ದಿನದಿಂದ ಸರಿಯಿಲ್ಲ. ಜ್ವರವಲ್ಲ, ಬಿ.ಪಿ.ಯಲ್ಲ, ಗಾಬರಿಪಡಬೇಡ. ಊಟ ಇಳಿಯುತ್ತಿಲ್ಲ, ಅಷ್ಟೇ. ಇಲ್ಲಿ ರಜೆ ಶುಕ್ರವಾರವಲ್ಲ, ಆಫೀಸಿನಲ್ಲಿ ಇವತ್ತು ಒಂದೇ ಕಾಗದಕ್ಕೆ ಎರಡು ಸಲ ಸೀಲು ಹೊಡೆದೆ.

ನಿನ್ನ ಪತ್ರ ಕಳೆದ ವಾರ ಸಿಕ್ಕಿತು. ಸುರಕ್ಷಾ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾದ ಮೇಲೆ ಮೊನ್ನೆ ಮೂರನೇ ಸಲ ಬರೆದದ್ದು, ಈ ಸಲವೂ ಗಣಿತ ಕೈಕೊಟ್ಟದ್ದು ಎಲ್ಲ ತಿಳಿಯಿತು. ಈಗಲೂ ಫೇಲೆಂದಾದರೆ ಅಕ್ಟೋಬರಿಗೆ ಇನ್ನೊಮ್ಮೆ ಕಟ್ಟಿಸುವುದೋ, ಅಲ್ಲ ಓದು ಬಿಡಿಸಿ ಹೊಲಿಗೆ ಕ್ಲಾಸಿಗೆ ಸೇರಿಸುವುದೋ ಎಂದು ಕೇಳಿದ್ದೀ. "ಅಪ್ಪ ನನಗೆ ಮಾಡಿದ್ದನ್ನು ನಾನು ಮಗಳಿಗೆ ಮಾಡಬಾರದು ಅಂತ ಉಂಟು, ಆದರೆ ನನಗೆ ಏನು ಗೊತ್ತಾಗುತ್ತದೆ, ಓದಿದವ ನೀನು, ನೀನು ಹೇಳಿದ ಹಾಗೆ" ಎಂದು ಬರೆದಿದ್ದೀ. ಅದಕ್ಕೆ ನಾನು ಅದೇ ದಿನ ಉತ್ತರ ಬರೆದಿದ್ದೆ, ಒಂದೇ ಪುಟ. ಬಿಡಿಸು, ಮೂರು ಸಲ ಆಗದ್ದು ನಾಲ್ಕನೇ ಸಲ ಆಗುವುದಿಲ್ಲ, ಮಗುವಿಗೂ ನಾಚಿಕೆ, ಮನೆಯವರಿಗೂ ನಾಚಿಕೆ ಎಂದು. ಬಹಳ ಚೆನ್ನಾಗಿ ಬರೆದಿದ್ದೆ ಎಂದು ನನಗೇ ಅನಿಸಿತ್ತು. ಆ ಪತ್ರ ಪೋಸ್ಟಾಗಲಿಲ್ಲ. ನಿನ್ನೆ ಬೆಳಿಗ್ಗೆ ಹರಿದು ಹಾಕಿದೆ. ಯಾಕೆಂದು ಹೇಳಬೇಕಾದರೆ ಅಕ್ಷಿತನ ಆಟದ ಕಥೆ ಹೇಳಬೇಕು. ನಗಬೇಡ.

ಬೇಸ್‌ಬಾಲ್ ಎಂದು ಒಂದು ಆಟ, ಅಮೆರಿಕದವರದ್ದು. ನಮ್ಮ ಕಂಪನಿಯಲ್ಲಿ ನನ್ನ ಮೇಲಿನ ಅಧಿಕಾರಿ ಹಾರ್ಲನ್ ಎಂಬವನು ಅಮೆರಿಕದವನು, ಆರಡಿ ಮೇಲೆ ಎತ್ತರ, ಮಾತು ಕಡಿಮೆ. ರಿಫಾದ ಹತ್ತಿರ ಒಂದು ಮರಳು ಮೈದಾನದಲ್ಲಿ ಅವನು ಪ್ರತಿ ಗುರುವಾರ ಮಧ್ಯಾಹ್ನದ ಮೇಲೆ ಮಕ್ಕಳ ತಂಡ ಕಟ್ಟಿ ಆಡಿಸುತ್ತಾನೆ. ಈ ವರ್ಷ ಹುಡುಗರು ಸಾಲಲಿಲ್ಲ, ನಿನ್ನ ಮಗನನ್ನು ಕಳುಹಿಸು ಎಂದ. ನಾನು ಎದೆ ಉಬ್ಬಿಸಿಕೊಂಡು ಕಳುಹಿಸಿದೆ. ನಮ್ಮ ಬಿಲ್ಡಿಂಗಿನ ಹಿಂದೆ ಟೆನಿಸ್ ಚೆಂಡಿನಲ್ಲಿ ಕ್ರಿಕೆಟ್ ಆಡುವಾಗ ಅಕ್ಷಿತನನ್ನು ಔಟ್ ಮಾಡುವವರೇ ಇರಲಿಲ್ಲವಲ್ಲ. ಬ್ಯಾಟಿನಲ್ಲಿ ಚೆಂಡು ಹೊಡೆಯುವುದು ತಾನೇ, ಎಲ್ಲಾ ಒಂದೇ ಅಂದುಕೊಂಡೆ. ಒಂದೇ ಅಲ್ಲ ಮಾರಾಯ್ತಿ. ಇದರಲ್ಲಿ ಒನಕೆಯಂಥ ಉರುಟು ಬ್ಯಾಟನ್ನು ಹೆಗಲ ಮೇಲೆತ್ತಿ ನಿಲ್ಲಬೇಕು. ಚೆಂಡು ನೆಲಕ್ಕೆ ತಾಗದೆ ನೇರ ಎದೆಯ ಮಟ್ಟಕ್ಕೆ ಬರುತ್ತದೆ. ಮೂರು ಸಲ ತಪ್ಪಿದರೆ ಹೋಗಿ ಕೂತುಕೊಳ್ಳಬೇಕು. ಮೊದಲ ದಿನ ನಮ್ಮವನು ಬ್ಯಾಟಿನ ತುದಿಯನ್ನು ನೆಲಕ್ಕೆ ಕುಟ್ಟಿ ಬಗ್ಗಿ ನಿಂತದ್ದು ನೋಡಿ ಎಲ್ಲರೂ ನಕ್ಕರು. ಅವನೂ ನಕ್ಕ. ನಗು ಅಲ್ಲಿಗೆ ಮುಗಿಯಿತು.

ಆರು ಪಂದ್ಯದಲ್ಲಿ ಹದಿನಾರು ಸಲ ಬ್ಯಾಟು ಹಿಡಿದು ಹೋದ. ಹದಿನಾರು ಸಲವೂ ಔಟಾಗಿ ಬಂದ. ಒಂದು ಚೆಂಡೂ ಮೈದಾನದೊಳಗೆ ಬಿದ್ದದ್ದಿಲ್ಲ. ನನಗೆ ಅದಕ್ಕಿಂತ ಉರಿದದ್ದು ಆ ಜನರ ಚಪ್ಪಾಳೆ. ಇವನು ತಲೆ ತಗ್ಗಿಸಿಕೊಂಡು ಬರುತ್ತಾನೆ, ಆ ಹೆಂಗಸರು ಗಂಡಸರು ಎಲ್ಲ ಎದ್ದು ತಟ್ಟುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ಗೇಲಿ ಮಾಡುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ನಮ್ಮ ಕಂಪನಿಯ ಡ್ರೈವರ್, ಉಳ್ಳಾಲದ ಉಮ್ಮರ್ ಕುಂಞಿ, ಮಕ್ಕಳನ್ನು ವ್ಯಾನಿನಲ್ಲಿ ಕರೆತರುವವರು. ಅವರು ನನ್ನ ಪಕ್ಕ ನಿಂತು, "ಇದೆಂತ ಆಟ ಮಹಾಬಲಣ್ಣ, ಔಟಾದವನಿಗೂ ಚಪ್ಪಾಳೆ ಹೊಡಿತಾರಲ್ಲ" ಎಂದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮನೆಗೆ ಹೋಗುವ ದಾರಿಯಲ್ಲಿ ಅಕ್ಷಿತನಿಗೆ ಬೈಯುತ್ತಿರಲಿಲ್ಲ, ಸತ್ಯವಾಗಿ. ಮಾತೇ ಆಡುತ್ತಿರಲಿಲ್ಲ. ಬೈಗುಳಕ್ಕಿಂತ ಅದು ಜಾಸ್ತಿ ಎಂದು ಶರ್ಮಿಳಾ ಹೇಳುತ್ತಾಳೆ.

ಮೊನ್ನೆ ಗುರುವಾರ ಒಂದು ವಿಚಿತ್ರ ನಡೆಯಿತು. ಅಲ್ಲಿಯವರೆಗೆ ಅಕ್ಷಿತ್ ಕೊನೆಯವನಾಗಿ ಬ್ಯಾಟು ಹಿಡಿಯುತ್ತಿದ್ದ. ಅವತ್ತು ಹಾರ್ಲನ್ ಅವನನ್ನು ಮೂರನೆಯವನಾಗಿ ಕಳುಹಿಸಿದ. ಆ ಜಾಗ ತಂಡದ ಒಳ್ಳೆಯ ಆಟಗಾರನದಂತೆ. ಹೀಗಾಗಿ ನಾಲ್ಕು ಸಲ ಅವನ ಸರದಿ ಬಂತು, ನಾಲ್ಕು ಸಲವೂ ಹೋಯಿತು, ತಂಡ ಒಂದೇ ಓಟದಿಂದ ಸೋತಿತು. ನನ್ನ ತಲೆಗೆ ತಕ್ಷಣ ಹೊಳೆದದ್ದು ಒಂದೇ, ವಶೀಲಿ. ಇಲ್ಲಿ ಅದನ್ನು ವಾಸ್ತಾ ಅನ್ನುತ್ತಾರೆ, ಅದಿಲ್ಲದೆ ಈ ದೇಶದಲ್ಲಿ ಒಂದು ಕಾಗದ ಮೇಜಿನಿಂದ ಮೇಜಿಗೆ ಹೋಗುವುದಿಲ್ಲ. ಹಾರ್ಲನ್ ಬಂದ ಹೊಸದರಲ್ಲಿ ಅವನ ಮನೆ ಸಾಮಾನಿನ ಕಂಟೇನರ್ ಬಂದರಿನಲ್ಲಿ ಸಿಕ್ಕಿಕೊಂಡಾಗ ನಾಲ್ಕು ದಿನ ಕಸ್ಟಮ್ಸಿಗೆ ಓಡಾಡಿ ಬಿಡಿಸಿಕೊಟ್ಟವನು ನಾನು. ಆ ಉಪಕಾರಕ್ಕೆ ಇವನು ನನ್ನ ಮಗನನ್ನು ಹೊತ್ತುಕೊಂಡಿದ್ದಾನೆ, ಬಿಡಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಒದ್ದಾಡುತ್ತಿದ್ದಾನೆ, ಪಾಪ ಎಂದುಕೊಂಡೆ. ಆ ದಾಕ್ಷಿಣ್ಯದಿಂದ ಹಾರ್ಲನ್‌ನನ್ನು ಬಿಡಿಸುವುದು ನನ್ನ ಧರ್ಮ ಅನಿಸಿತು. ಶುಕ್ರವಾರ ಸಂಜೆ ಕೇಸರಿ ಹಾಕಿದ ಇಲ್ಲಿನ ಹಲ್ವದ ಒಂದು ಡಬ್ಬಿ ಕಟ್ಟಿಸಿಕೊಂಡು ರಿಫಾದ ಅವನ ಮನೆಗೆ ಹೋದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೋಗಿ ಕೂತು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬಹಳ ವಿನಯದಿಂದ ಹೇಳಿದೆ. ಸಾರ್, ನನ್ನ ಮುಖ ನೋಡಿ ನನ್ನ ಮಗನನ್ನು ಇಟ್ಟುಕೊಳ್ಳಬೇಕಾಗಿಲ್ಲ, ಅವನ ಹೆಸರು ತೆಗೆದುಬಿಡಿ, ನನಗೆ ಒಂದಿಷ್ಟೂ ಬೇಸರವಿಲ್ಲ, ಒಬ್ಬನಿಂದ ತಂಡ ಸೋಲಬಾರದು ಎಂದೆ. ಅವನು ನನ್ನನ್ನು ನೋಡಿದ ರೀತಿ ಇದೆಯಲ್ಲ ಉಷಾ, ನಾನು ಯಾರದೋ ಮನೆಗೆ ಕಲ್ಲು ಹೊಡೆದು ಬಂದವನೋ ಎಂಬಂತೆ ನೋಡಿದ. ಆಮೇಲೆ ಒಳಗಿನಿಂದ ಒಂದು ಪುಸ್ತಕ ತಂದ. ಅದರಲ್ಲಿ ಪ್ರತಿಯೊಬ್ಬ ಹುಡುಗನ ಪ್ರತಿಯೊಂದು ಸರದಿ ಬರೆದಿಟ್ಟಿದ್ದಾನೆ. ಅಕ್ಷಿತನ ಪುಟ ತೆಗೆದು ತೋರಿಸಿದ. ಮೊದಲ ಪಂದ್ಯಗಳಲ್ಲಿ ಮೂರೇ ಚೆಂಡಿಗೆ ಮುಗಿಯುತ್ತಿದ್ದವನು ಮೊನ್ನೆ ಕೊನೆಯ ಸರದಿಯಲ್ಲಿ ಒಂಬತ್ತು ಚೆಂಡು ಎದುರಿಸಿದ್ದಾನಂತೆ, ಐದಕ್ಕೆ ಬ್ಯಾಟು ತಾಗಿಸಿ ಪಕ್ಕದ ಗೆರೆಯ ಹೊರಗೆ ಕಳುಹಿಸಿದ್ದಾನಂತೆ; ಅದಕ್ಕೆ ಓಟವೂ ಇಲ್ಲ, ಔಟೂ ಇಲ್ಲ. ಫೆಬ್ರವರಿಯಲ್ಲಿ ಚೆಂಡಿಗೆ ಇಷ್ಟು ತಡವಾಗುತ್ತಿದ್ದ ಎಂದು ಅಂಗೈ ಅಗಲ ತೋರಿಸಿದ, ಈಗ ಇಷ್ಟು ಎಂದು ಒಂದು ಬೆರಳು ತೋರಿಸಿದ. ನಾನು ಹದಿನಾರು ಸಲವೂ ಅಲ್ಲಿ ನಿಂತಿದ್ದೆ. ನನಗೆ ಔಟಾದದ್ದು ಮಾತ್ರ ಕಂಡಿತ್ತು.

ಹಾಗಾದರೆ ಎಷ್ಟು ಸಲ ಕೊಡುವುದು, ಎಲ್ಲಿಯಾದರೂ ಒಂದು ಕಡೆ ಸಾಕು ಅನ್ನಬೇಕಲ್ಲ ಎಂದು ವಾದ ಮಾಡಿದೆ. ಸೋಲುವುದು ನನಗೆ ಗೊತ್ತಿಲ್ಲ ನೋಡು. ಅವನು ಹೌದು ಎಂದ. ತಾನೂ ಇಪ್ಪತ್ತೆರಡನೇ ವಯಸ್ಸಿನಲ್ಲಿ ಸಂಬಳಕ್ಕೆ ಆಡುತ್ತಿದ್ದೆ, ಹೊಡೆತ ಬೀಳದೆ ಹೋದಾಗ ಒಂದು ಮಂಗಳವಾರ ಕರೆದು ಕಳುಹಿಸಿಬಿಟ್ಟರು, ಅದು ಸರಿಯೇ ಆಗಿತ್ತು, ಅದು ಹೊಟ್ಟೆಪಾಡಿನ ಆಟ ಎಂದ. ಆದರೆ ಹನ್ನೊಂದು ವರ್ಷದವನು ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದು ಗೋಡೆಗೆ ಚೆಂಡು ಎಸೆಯುತ್ತಾ ನಿಲ್ಲುತ್ತಾನೆ, ಅವನು ಬರುವುದು ನಿಲ್ಲಿಸಿದ ದಿನ ನೋಡುವ, ಅದಕ್ಕೆ ಮೊದಲು ಸಾಕು ಅನ್ನಲಿಕ್ಕೆ ನಾನು ಯಾರು, ನೀನು ಯಾರು ಎಂದ. ನಾನು ಆಗಲೂ ಬಿಡಲಿಲ್ಲ. ಕೊನೆಯವನಾಗಿ ಇದ್ದವನನ್ನು ಮೂರನೆಯ ಜಾಗಕ್ಕೆ ಹಾಕಿದ್ದು ಯಾರ ದಾಕ್ಷಿಣ್ಯಕ್ಕೆ ಎಂದು ಕೇಳಿಯೇಬಿಟ್ಟೆ.

ಅದಕ್ಕೆ ಅವನು ಕೊಟ್ಟ ಉತ್ತರ ಕೇಳು. ಎರಡು ವಾರದ ಹಿಂದೆ ಅಕ್ಷಿತನೇ ಅವನ ಹತ್ತಿರ ಹೋಗಿ, ನನ್ನನ್ನು ಮೇಲಿನ ಸರದಿಗೆ ಹಾಕಿ ಎಂದು ಬೇಡಿದನಂತೆ. ಯಾಕೆ ಎಂದದ್ದಕ್ಕೆ, "ಮೇಲೆ ಇದ್ದರೆ ಜಾಸ್ತಿ ಸಲ ಆಡಲಿಕ್ಕೆ ಸಿಗುತ್ತದೆ. ಡ್ಯಾಡಿ ಸದ್ಯದಲ್ಲೇ ಬಂದು ನನ್ನ ಹೆಸರು ತೆಗೆಸುತ್ತಾರೆ, ಅಷ್ಟರೊಳಗೆ ಎಷ್ಟಾಗುತ್ತದೋ ಅಷ್ಟು ಆಡಬೇಕು" ಎಂದನಂತೆ. ಹಾರ್ಲನ್ ಅದನ್ನು ನಂಬಿರಲಿಲ್ಲವಂತೆ. ಯಾವ ಅಪ್ಪನೂ ಹಾಗೆ ಮಾಡುವುದಿಲ್ಲ ಎಂದು ಅವನಿಗೆ ಧೈರ್ಯ ಹೇಳಿ ಕಳುಹಿಸಿದ್ದನಂತೆ. ಹೇಳುತ್ತಾ ನನ್ನ ಹಲ್ವದ ಡಬ್ಬಿಯನ್ನೇ ನೋಡುತ್ತಿದ್ದ. ಹನ್ನೊಂದು ವರ್ಷದ ಮಗ ನನ್ನನ್ನು ಹೀಗೆ ಲೆಕ್ಕ ಹಾಕಿ ಇಟ್ಟಿದ್ದಾನೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅದಕ್ಕಿಂತ ದೊಡ್ಡದು, ಅವನ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಹಾರ್ಲನ್ ಇನ್ನೊಂದು ಮಾತನ್ನೂ ಹೇಳಿದ. ಅದನ್ನು ಬರೆಯಲು ಕೈ ಬರುತ್ತಿಲ್ಲ.

ಮನೆಗೆ ಹೇಗೆ ಕಾರು ಓಡಿಸಿದೆನೋ ನನಗೆ ಗೊತ್ತಿಲ್ಲ. ಬಾಗಿಲು ತೆರೆದವನು ಅಕ್ಷಿತ್. ಎಲ್ಲಿಗೆ ಹೋಗಿದ್ದಿರಿ ಎಂದ, ಕೋಚ್ ಮನೆಗೆ ಎಂದೆ. ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ. ಅವನು ಸೀದಾ ಒಳಗೆ ಹೋಗಿ ತಂಡದ ನೀಲಿ ಅಂಗಿಯನ್ನು ಮಡಚಿ ತಂದು ಸೋಫಾದ ಮೇಲಿಟ್ಟ, ಅದರ ಮೇಲೆ ಟೋಪಿ ಇಟ್ಟ. "ಕ್ಯಾಪ್ ಕೂಡ ವಾಪಸ್ ಕೊಡಬೇಕಾ ಡ್ಯಾಡಿ?" ಎಂದ. ಅಷ್ಟು ಮರ್ಯಾದೆಯಿಂದ ಕೇಳಿದ ಉಷಾ, ಬಸ್ಸಿನಲ್ಲಿ ಗುರುತಿಲ್ಲದವರ ಹತ್ತಿರ ಕೇಳುವ ಹಾಗೆ. ಶರ್ಮಿಳಾ ಬಂದು ನನ್ನ ಮುಖ ನೋಡಿ, ಅಂಗಿ ಟೋಪಿ ಎರಡನ್ನೂ ಎತ್ತಿ ಅವನ ಕೈಗೆ ಕೊಟ್ಟು ಒಳಗೆ ಕಳುಹಿಸಿದಳು. ನಿನ್ನೆ ಬೆಳಿಗ್ಗೆ ಚಹಾದ ಹೊತ್ತಿಗೆ ನಿನ್ನ ಹೆಸರು ಹಾಗೇ ಇದೆ, ಗುರುವಾರ ಮೂರನೆಯವನೇ ನೀನು ಎಂದು ಹೇಳಿದೆ. ಸರಿ ಎಂದ. ನಂಬಿದನೋ ಇಲ್ಲವೋ ತಿಳಿಯದು. ನಾನಾದರೆ ನಂಬುತ್ತಿರಲಿಲ್ಲ.

ಜೂನಿನಲ್ಲಿ ರಜೆಗೆ ಮೂವರೂ ಬರುತ್ತೇವೆ. ನಿನ್ನ ಕುತ್ತಿಗೆಗೆ ಟೈಗರ್ ಬಾಮ್, ಸುರಕ್ಷಾಳಿಗೆ ಒಂದು ಕೈಗಡಿಯಾರ ಈ ಪತ್ರದ ಜೊತೆಗಿದೆ. ಇವತ್ತು ಸಂಜೆಯ ವಿಮಾನದಲ್ಲಿ ಊರಿಗೆ ಹೊರಟ ಉಮ್ಮರ್ ಕುಂಞಿಯವರು ಸ್ವತಃ ನಿನ್ನ ಮನೆಗೆ ತಂದು ಮುಟ್ಟಿಸುತ್ತಾರೆ, ಅವರಿಗೆ ಊಟ ಹಾಕದೆ ಕಳುಹಿಸಬೇಡ. ಭಾವನವರಿಗೆ ನನ್ನ ನಮಸ್ಕಾರ. ಸುರಕ್ಷಾಳಿಗೆ ಮಾವನ ಮುದ್ದು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಮಹಾಬಲ

ತಾ.ಕ.: ಕವರಿಗೆ ಗೋಂದು ಹಚ್ಚಿ ಆಗಿತ್ತು, ಪುನಃ ಬಿಡಿಸಿದ್ದೇನೆ. ಉಮ್ಮರ್ ಕುಂಞಿ ಕೆಳಗೆ ವ್ಯಾನಿನಲ್ಲಿದ್ದಾರೆ, ಎರಡು ಸಲ ಹಾರ್ನ್ ಆಯಿತು. ಹಾರ್ಲನ್ ಹೇಳಿದ ಇನ್ನೊಂದು ಮಾತು ಇದು. ಡ್ಯಾಡಿ ಹೆಸರು ತೆಗೆಸುತ್ತಾರೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದಾಗ ಅಕ್ಷಿತ್ ಹೇಳಿದನಂತೆ, "ಉಷಾ ಅತ್ತೆ ಎರಡು ಸಲ ಫೇಲಾದಾಗ ಡ್ಯಾಡಿಯೇ ಸ್ಕೂಲು ಬಿಡಿಸಿದ್ದು." ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಫೋನು ಬಂದಾಗ ನಾನು ಅಡುಗೆಮನೆಯಲ್ಲಿ ಶರ್ಮಿಳಾಳಿಗೆ ಅತ್ತು ಹೇಳಿದ್ದೆ, ಇವನು ಅಲ್ಲೇ ಮೇಜಿನ ಹತ್ತಿರ ಪಾಠ ಬರೆಯುತ್ತಿದ್ದ. ಹೌದು ಉಷಾ. ಅಪ್ಪ ಅಲ್ಲ, ನಾನು. ಬಿ.ಕಾಂ. ಮುಗಿಸಿ ಮನೆಗೆ ಬಂದ ನನ್ನನ್ನು ಅಪ್ಪ ಜಗಲಿಯಲ್ಲಿ ಕೂರಿಸಿ, ಇವಳಿಗೆ ಇನ್ನೊಮ್ಮೆ ಕಟ್ಟಿಸುವುದಾ, ಓದಿದವ ನೀನು ಹೇಳು ಎಂದರು. ನಾನು "ಎರಡು ಸಲ ಆಗದವಳಿಗೆ ಮೂರನೇ ಸಲ ಎಂತ ಆಗುವುದು, ಬೀಡಿ ಕಟ್ಟಲಿ" ಎಂದೆ. ಅದನ್ನು ಅವರು ತಮ್ಮ ಮಾತೆಂದು ನಿನಗೆ ಹೇಳಿದರು. ಅಣ್ಣ ತಂಗಿ ಕೆಡುವುದು ಬೇಡ ಎಂದು ನನ್ನ ಬಾಯಿಯನ್ನೂ ಮುಚ್ಚಿಸಿದರು, ನಾನೂ ಸುಖವಾಗಿ ಮುಚ್ಚಿಕೊಂಡೆ. ಅವರ ಉತ್ತರಕ್ರಿಯೆಗೆ, ಬೊಜ್ಜದ ದಿನ, ನೀನು ಅವರಿಗೆ ಎಡೆ ಇಡದೆ, ಒಂದು ತುತ್ತು ಉಣ್ಣದೆ ಹೊರಟಾಗಲೂ ಸುಮ್ಮನೆ ನೋಡುತ್ತಾ ನಿಂತೆ. ಜೂನಿನಲ್ಲಿ ಅಕ್ಷಿತನ ಬಾಯಲ್ಲಿ ಕೇಳುವ ಮೊದಲು ನನ್ನ ಕೈಬರಹದಲ್ಲಿ ಓದು. ಬೈಯುವುದಾದರೆ ಬೈ, ಮನೆಗೆ ಬರಬೇಡ ಎಂದರೂ ಸರಿ. ಸುರಕ್ಷಾಳ ವಿಷಯ ನನ್ನಲ್ಲಿ ಕೇಳಬೇಡ, ಅವಳಲ್ಲೇ ಕೇಳು. ಮತ್ತೊಂದು, ನಿನ್ನ ಆ ಮೂರನೇ ಸಲದ ಪರೀಕ್ಷೆಯ ಫಾರ್ಮು. ನನ್ನನ್ನು ಕೇಳುವ ಮೊದಲೇ ಅಪ್ಪ ಅದಕ್ಕೆ ಸಹಿ ಹಾಕಿ ಆಗಿತ್ತು.