ಅರ್ಧ ತಾಸು ತಡಿ

ಏಪ್ರಿಲ್ 29, ಹೊಸಪೇಟೆ. ಬೆಳಗ್ಗೆ 11

ಎಲ್ಲರೂ ಹೋದರು. ಮಿಕ್ಸರ್ ಲಾರಿ ಹೋಯಿತು, ಮೇಸ್ತ್ರಿ ಹೋದ, ಬುಟ್ಟಿ ತೊಳೆದುಕೊಂಡು ಹೆಂಗಸರೂ ಹೋದರು. ಉಳಿದಿದ್ದು ನಾನು, ಸ್ಲ್ಯಾಬು. ಯಾವಾಗಲೂ ಹೀಗೇ. ಅವರದು ಮುಗಿದ ಮೇಲೆ ನನ್ನದು ಶುರು. ಶುರು ಅಂದರೆ — ಕಾಯುವುದು.

ಹಂಪಿ ರೋಡಿನ ಹೋಟೆಲ್ಲೊಂದರ ಪಾರ್ಕಿಂಗ್ ನೆಲ. ಆರಿಂಚು ದಪ್ಪ. ನಸುಕಿನಲ್ಲಿ ಹಾಕಿದ್ದು. ಎರಡು ಗಂಟೆಗೆ ನೆಲ ಕೊಯ್ಯುವ ಕಟ್ಟರ್ ಇಡಬಹುದು. ಬೇಗ ಇಟ್ಟರೆ ಗೆರೆಯ ಅಂಚು ಪುಡಿಪುಡಿ ಕಿತ್ತು ಬರುತ್ತದೆ. ತಡವಾದರೆ ನೆಲ ತಾನೇ ಬಿರಿಯುತ್ತದೆ. ಕಾಂಕ್ರೀಟ್ ಗಟ್ಟಿಯಾಗುತ್ತಾ ಕುಗ್ಗುತ್ತದೆ, ಎಲ್ಲೋ ಒಂದು ಕಡೆ ಬಿರಿಯಲೇಬೇಕು. ಎರಡಿಂಚು ಆಳ ಗೆರೆ ಕೊಯ್ದುಕೊಟ್ಟರೆ ಗೆರೆಯ ಕೆಳಗೇ ಬಿರಿಯುತ್ತದೆ, ಯಾರಿಗೂ ಕಾಣುವುದಿಲ್ಲ. ಅಷ್ಟೇ ನನ್ನ ಕೆಲಸ. ಅವ್ವನಿಗೆ ನಾಲ್ಕು ಸಲ ಹೇಳಿದ್ದೇನೆ. "ಹೊಸಾ ನೆಲ ಯಾಕ ಕೊಯ್ತಿಯೋ" ಅಂತ ಐದನೇ ಸಲ ಕೇಳುತ್ತಾಳೆ.

ಗಡಿಯಾರ ನಂಬುವಂತಿಲ್ಲ. ಬಿಸಿಲು, ಗಾಳಿ, ಸಿಮೆಂಟು — ದಿನಕ್ಕೊಂದು ಥರ. ಮೊಳೆಯಲ್ಲಿ ಗೀರಿ ನೋಡಬೇಕು. ಬಿಟ್ಟು ಹೋಗುವಂತಿಲ್ಲ. ಮಾತಾಡಲು ಯಾರೂ ಇಲ್ಲ. ಅದಕ್ಕೇ ಈ ಬುಕ್. ಸೈಟಿನ ಹಳೇ ಚಲನ್ ಬುಕ್, ಹಿಂದಿನ ಮಗ್ಗುಲು ಖಾಲಿ. ಒಂಬತ್ತನೇ ಕ್ಲಾಸಲ್ಲಿ ಸಾರ್ ಕೈಯಿಂದ ಬೆತ್ತ ಕಸಿದು ಮುರಿದೆ. ಸ್ಕೂಲು ಅಲ್ಲಿಗೆ ಮುಗಿಯಿತು. ಬರೆಯುವುದು ಮರೆತಿಲ್ಲ.

ಮೇ 5, ಕಂಪ್ಲಿ

ಕಂಟ್ರಾಕ್ಟರ್ ಮನೋಹರ್ ಇಲ್ಲಿಗೆ ಕಳಿಸಿದ. ಅಂದಾನಪ್ಪನವರ ರೈಸ್ ಮಿಲ್ಲಿನ ಹೊಸ ಗೋಡೌನ್. ನಮ್ಮೂರೇ.

ಸೈಟ್ ಇಂಜಿನಿಯರ್ ಯಾರು ಅಂದರೆ — ಮಹಾಂತೇಶ. ನಮ್ಮ ಕೇರಿಯವನು, ಎರಡು ಮನೆ ಆಚೆ. ಒಂದರಿಂದ ಒಂಬತ್ತರ ತನಕ ಒಂದೇ ಬೆಂಚು. ನಾನು ಬಿಟ್ಟೆ, ಅವನು ಬಿಡಲಿಲ್ಲ. ಕೇರಿಯ ಬಾಯಲ್ಲಿ ಏಪ್ರಿಲ್ ಹದಿನಾಲ್ಕರ ಜಯಂತಿಯ ಫ್ಲೆಕ್ಸ್ ಇನ್ನೂ ನಿಂತಿದೆ. ಅದರಲ್ಲಿ ಅವನ ಫೋಟೋ. 'ನಮ್ಮ ಕೇರಿಯ ಮೊದಲ ಇಂಜಿನಿಯರ್'. ಬಿಸಿಲಿಗೆ ಮುಖ ನೀಲಿಯಾಗಿದೆ.

"ಏನಪ್ಪಾ, ಕಟಿಂಗ್ ನಿಂದಾ?" ಅಂದ. ಹೆಸರು ಹಿಡಿಯಲಿಲ್ಲ. ಪಕ್ಕದಲ್ಲಿ ಅಂದಾನಪ್ಪ ನಿಂತಿದ್ದ.

"ಹೌದ್ರಿ ಸಾರ್" ಅಂದೆ. ಬೇಕಂತಲೇ. ಅವನ ಮುಖ ಸಣ್ಣಗಾಯಿತು. ಖುಷಿಯಾಯಿತು. ಆಮೇಲೆ ಆಗಲಿಲ್ಲ.

ಮೇ 6. ಸಂಜೆ

ಮಹಾಂತೇಶ ಮರಳಿನ ಗುಡ್ಡೆಯ ಹಿಂದೆ ಬಂದ. ಕೈಯಲ್ಲಿ ಎರಡು ಟೀ.

"ಲೇ ಹುಲುಗ್ಯಾ. ಸಿಟ್ಟಾಗಬ್ಯಾಡ. ಅವ್ರ ಮುಂದ ಹಂಗ."

"ಹಂಗ ಅಂದ್ರ ಹೆಂಗ?"

"ಮೊದಲ್ನೇ ಸೈಟ್ ಇದು. ಯಜಮಾನ ದಿನಾ ಕೇಳ್ತಾನ. ಎಲ್ಲಿ ಓದಿದಿ, ಮಾರ್ಕ್ಸ್ ಎಷ್ಟು, ಸೀಟ್ ಹೆಂಗ ಸಿಕ್ತು. ಈ ನೆಲ ಚಲೋ ಬಂದ್ರ ಮನೋಹರ್ ಸಾರ್ ಪರ್ಮನೆಂಟ್ ಮಾಡ್ತಾರ. ಇಲ್ಲಂದ್ರ ಮನೀಗೆ."

"ಲೆಕ್ಕದ ಪೇಪರ್‌ನಾಗ ನನ್ನ ನೋಡಿ ಬರೀತಿದ್ದಿ. ಈಗ ಡ್ರಾಯಿಂಗ್ ಯಾರನ್ನ ನೋಡಿ ಬರೀತಿ?"

ನಕ್ಕ. ನಾನೂ. ಎಷ್ಟು ವರ್ಷ ಆಗಿತ್ತೋ. ಟೀ ಆರಿತ್ತು, ಕುಡಿದೆ.

ಮೇ 8. ಬೆಳಗ್ಗೆ 9

ಕೊನೆ ಲಾರಿ ಖಾಲಿ. ಬಿಸಿಗಾಳಿ ಈಗಲೇ ಶುರು. ಇವತ್ತು ಒಂದು ಗಂಟೆಗೇ ರೆಡಿಯಾಗುತ್ತದೆ.

ಸ್ಲ್ಯಾಬ್ ಹಾಕಿದ ದಿನ ಯಜಮಾನ ಊಟ ಹಾಕಬೇಕು, ಪದ್ಧತಿ. ಅಂದಾನಪ್ಪ ದೊಡ್ಡದಾಗಿಯೇ ಇಟ್ಟಿದ್ದಾನೆ. ನೆಂಟರು, ವ್ಯಾಪಾರಸ್ಥರು, ಮಿಲ್ಲಿನವರು. ಪಕ್ಕದ ಹಳೇ ಶೆಡ್ಡಿನಲ್ಲಿ ಪಂಕ್ತಿ. ನಡುವೆ ಗೋಡೆ ಇಲ್ಲ.

1.05

ಗೀರಿ ನೋಡಿದೆ. ರೆಡಿ. ಬಣ್ಣ ಅದ್ದಿದ ದಾರದಿಂದ ಗೆರೆ ಹೊಡೆದೆ. ಟ್ಯಾಂಕಿಗೆ ನೀರು. ಹಗ್ಗ ಎಳೆದೆ, ಮಷಿನ್ ಹತ್ತಿತು. ಮಹಾಂತೇಶ ಓಡಿಬಂದ.

"ಆಫ್ ಮಾಡು. ಊಟಕ್ಕ ಕುಂತಾರ."

"ಕುಂದರ್ಲಿ."

"ಸೌಂಡ್ ಭಾಳ ಐತಿ. ಮ್ಯಾಲ ಆ ಬೂದಿ ನೀರು ಎಲಿ ತನಕ ಹರೀತೈತಿ. ಅರ್ಧ ತಾಸು ತಡಿ."

"ತಡದ್ರ ಬಿರೀತೈತಿ. ಗಾಳಿ ನೋಡು."

ಪಂಕ್ತಿಯ ತುದಿಯಿಂದ ಅಂದಾನಪ್ಪ ಕೂಗಿದ. "ಇಂಜಿನಿಯರ್ರ, ಅದನ್ನ ಆಮ್ಯಾಲ ಮಾಡಸ್ರಿ. ಬರ್ರಿ ಇಲ್ಲಿ, ನನ್ನ ಬಾಜೂಕ ಕುಂದ್ರಿ."

ಮಷಿನ್ ಆಫ್ ಮಾಡಿದೆ. ಮಹಾಂತೇಶ ನನ್ನ ಮುಖ ನೋಡಿದ. ಹೋದ. ಕುಂತ.

1.45

ದುರ್ಗಕ್ಕ ಬಂದಳು. ನೆಲಕ್ಕೆ ಕ್ಯೂರಿಂಗ್ ನೀರು ಹೊಡೆಯುವವಳು.

"ಉಣ್ಣಾಕ ಬರಂಗಿಲ್ಲೇನಪ್ಪ?"

"ಎಲ್ಲಿ ಹಾಕ್ತಾರ?"

"ನಮಗ ಶೆಡ್ಡಿನ ಹಿಂದ. ಕಡೀಗೆ."

"ಹಸಿವಿಲ್ಲ."

"ಮುಖ ಹಿಂಗ ಮಾಡ್ಕೊಂಡು ಕುಂತ್ರ ಹುಗ್ಗಿ ಎದ್ದು ನಿನ್ನ ಹತ್ರ ಬರತೈತೇನು?"

ಹೋದಳು. ಅರ್ಧ ತಾಸು ಮುಗಿದು ಹತ್ತು ನಿಮಿಷ.

2.40

ಎಲೆ ಎತ್ತಿದ್ದಾರೆ, ಜನ ಎದ್ದಿಲ್ಲ. ಅಡಿಕೆ, ಮಾತು. ಅಂದಾನಪ್ಪನ ಕೈ ಮಹಾಂತೇಶನ ಭುಜದ ಮೇಲೆ ಇದೆ. ನಮ್ಮ ಕೇರಿಯವರ ಭುಜದ ಮೇಲೆ ಆ ಮನೆಯವರ ಕೈ ನಾನು ನೋಡಿದ್ದು ಇವತ್ತೇ. ಅವನ ಅವ್ವ, ನಮ್ಮವ್ವ, ಇಬ್ಬರೂ ಆ ಮನೆಯ ಗದ್ದೆಯಲ್ಲಿ ನಾಟಿ ಹಚ್ಚಿದವರು. ನೀರು ಕೇಳಿದರೆ ಮೇಲಿಂದ ಸುರಿಯುತ್ತಿದ್ದರು.

ಹಗ್ಗ ಕೈಯಲ್ಲಿದೆ. ಎಳೆದರೆ ಒಂದು ಸೆಕೆಂಡ್. ಆ ಕೈ ಭುಜದಿಂದ ಕೆಳಗೆ ಬೀಳುತ್ತದೆ.

ಬಿಟ್ಟೆ.

4.20

ನೆಂಟರು ಆಗ ಹೊರಟರು. "ಹಚ್ಚು, ಹಚ್ಚು, ಜಲ್ದಿ" ಅಂತ ಮಹಾಂತೇಶ ಓಡಿಬಂದ. ಮೊದಲ ಗೆರೆ ಮುಗಿಸಿದೆ. ಎರಡನೆಯದರ ಅರ್ಧದಲ್ಲಿ ಕಂಡಿತು. ಕೂದಲಿನಷ್ಟು ಸಣ್ಣದು. ಒಂದು ಕಂಬದ ಬುಡದಿಂದ ಇನ್ನೊಂದು ಕಂಬಕ್ಕೆ, ಅಡ್ಡಾದಿಡ್ಡಿ. ಕಟ್ಟರಿನ ನೀರು ಅದರೊಳಗೆ ಇಳಿಯುತ್ತಿತ್ತು.

ಇಬ್ಬರೂ ನೋಡಿದೆವು. ಉಳಿದ ಗೆರೆಗಳನ್ನೂ ಕೊಯ್ದೆ. ಯಾಕೆ ಅಂತ ಗೊತ್ತಿಲ್ಲ.

ಮೇ 9

ಮಹಾಂತೇಶ ಮನೆಯ ಹತ್ತಿರ ಬಂದ. ಒಳಗೆ ಬರಲಿಲ್ಲ.

"ನಾಳೆ ಮನೋಹರ್ ಸಾರ್ ಬರ್ತಾರ. ನೀನು... ಒಂದು ಸ್ವಲ್ಪ ನಿದ್ದಿ ಹತ್ತಿಬಿಟ್ಟಿತ್ತು ಅಂತ..."

"ಮುಂದ ಹೇಳು."

ನೆಲ ನೋಡಿದ.

"ನೀನು ಉಂಡಿದ್ದಕ್ಕ ನಾನು ಎಲಿ ಎತ್ತಬೇಕೇನಲೇ? ಮೂರು ತಾಸು ಹೆಣ ಕಾದಂಗ ಕಾದೀನಿ. ನಡಿ ಇಲ್ಲಿಂದ."

ಹೋದ. ಇನ್ನೂ ಬಯ್ಯಬೇಕಿತ್ತು. ಮೂರು ವರ್ಷದಿಂದ ಕೊಯ್ಯುತ್ತಿದ್ದೇನೆ. ಒಂದೇ ಒಂದು ನೆಲ ನನ್ನ ಕೈಯಲ್ಲಿ ಬಿರಿದಿಲ್ಲ. ನನಗೆ ಇರುವುದು ಅದೊಂದೇ. ಸರ್ಟಿಫಿಕೇಟಾ, ಫ್ಲೆಕ್ಸಾ, ಏನಿದೆ ಬೇರೆ?

ಮೇ 10

ಮನೋಹರ್, ಅಂದಾನಪ್ಪ, ಮಹಾಂತೇಶ, ನಾನು. ಬಿರುಕಿನ ಸುತ್ತ ನಿಂತಿದ್ದೆವು. ಮನೋಹರ್ ಕುಕ್ಕರಗಾಲಲ್ಲಿ ಕೂತು ಉಗುರು ಆಡಿಸಿದ.

"ಎಷ್ಟು ಗಂಟೆಗೆ ಹಚ್ಚಿದ್ರಿ ಕಟ್ಟರ್?"

ಮಹಾಂತೇಶ ನನ್ನ ಕಡೆ ನೋಡಿದ. ನಿಜ ಹೇಳಿಬಿಡಬೇಕು ಅಂತಲೇ ನಾನು ಹೋಗಿದ್ದೆ. ನಾಲಿಗೆಯ ತುದಿಯಲ್ಲಿತ್ತು.

ಅಂದಾನಪ್ಪ ಮನೋಹರ್ ಕಡೆ ತಿರುಗಿ ಮೆಲ್ಲಗೆ ಅಂದ, "ಮಾರ್ಕ್ಸ್ ಇಲ್ಲದ ಸೀಟ್ ಸಿಗೋರ್ನ ತಂದು ನಿಲ್ಲಿಸಿದ್ರ ಹಿಂಗ ಆಗೂದು." ಮೊನ್ನೆ ಭುಜದ ಮೇಲೆ ಕೈ ಇಟ್ಟವನು.

"ನಾನು ಮಲಗಿದ್ನಿರಿ" ಅಂದೆ. "ಇಂಜಿನಿಯರ್ ಎರಡು ಸಲ ಬಂದು ಹೇಳಿ ಹೋಗಿದ್ರು. ನಂಗ ಎಚ್ಚರ ಆಗಲಿಲ್ಲ."

ಅಂದಾನಪ್ಪ ನನ್ನನ್ನು ಭಾಳ ಹೊತ್ತು ನೋಡಿದ. ತಡೀರಿ ಅಂದವನು ಅವನೇ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

"ಮಷಿನ್ ಇಟ್ಟು ಹೋಗು" ಅಂದ ಮನೋಹರ್.

ಇಟ್ಟೆ.

ಜೂನ್ 2, ಯಶವಂತನಗರ

ಬೇರೆ ಕಂಟ್ರಾಕ್ಟರ್. ಅದಿರಿನ ಲಾರಿ ನಿಲ್ಲುವ ಯಾರ್ಡ್. ಸಂಬಳ ಕಡಿಮೆ, ಬ್ಲೇಡ್ ಹಳೆಯದು. ಧೂಳಿಗೆ ಹೊಸ ಕಾಂಕ್ರೀಟ್ ಬೆಳಗಾಗುವುದರೊಳಗೆ ಕೆಂಪಾಗುತ್ತದೆ.

ಅವ್ವ ಫೋನ್ ಮಾಡಿದ್ದಳು. "ಕುಡುದು ಮಲಗಿದ್ದಿಯಂತಲ್ಲೋ. ಕೇರಿ ತುಂಬ ಅದೇ ಮಾತು."

"ಯಾರು ಹೇಳಿದ್ರು?"

"ಎಲ್ಲಾರೂ."

"ಮಹಾಂತೇಶ ಏನಂದ?"

"ಅವನು ಏನೂ ಅನ್ನಂಗಿಲ್ಲ. ಪಾಪ, ದೊಡ್ಡ ಕೆಲಸ ಅವನಿಗೆ."

ಫೋನ್ ಇಟ್ಟೆ. ಅವನ ನಂಬರ್ ಡಿಲೀಟ್ ಮಾಡಿದೆ. ಬಾಯಿಪಾಠ ಇದೆ, ಏನು ಮಾಡಲಿ.

ಜೂನ್ 9

ಇವತ್ತು ಆಡಿದ ಮಾತು ಎರಡು. ಟೀ ಅಂಗಡಿಯಲ್ಲಿ "ಒಂದು". ಆಮೇಲೆ "ಚಿಲ್ಲರೆ ಇಲ್ಲ". ಮಷಿನ್ ಆಫ್ ಮಾಡಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲುತ್ತದಲ್ಲ — ಆಗ ಹೆದರಿಕೆಯಾಗುತ್ತದೆ. ಮತ್ತೆ ಸ್ಟಾರ್ಟ್ ಮಾಡಿದೆ, ಸುಮ್ಮನೆ. ಪೆಟ್ರೋಲ್ ದಂಡ.

ಜೂನ್ 15, ಭಾನುವಾರ. 11.30

ಮಹಾಂತೇಶ ಬಂದ. ಬೈಕಿನಲ್ಲಿ, ಕಂಪ್ಲಿಯಿಂದ. ಹುಬ್ಬಿನ ತನಕ ಕೆಂಪು ಧೂಳು. ನಾನು ಸ್ಲ್ಯಾಬ್ ಕಾಯುತ್ತಾ ಬೇವಿನ ಕೆಳಗೆ ಕುಂತಿದ್ದೆ. ಎದ್ದೇಳಲಿಲ್ಲ.

"ಹೇಳ್ಬಿಟ್ಟೆ" ಅಂದ.

"ಏನು?"

"ಯಜಮಾನಗ. ಮಲಗಿದ್ದು ಅವನಲ್ಲ, ನಿಲ್ಲಿಸಿದ್ದು ನಾನು ಅಂತ. ನಿನ್ನೆ. ಮನೋಹರ್ ಸಾರ್ ಮುಂದ."

"ಏನಂದ?"

"ನಕ್ಕ. 'ಗೊತ್ತೈತಿ ಬಿಡಪ್ಪ, ತಡೀರಿ ಅಂದಿದ್ದ ನಾನಲ್ಲೇನು' ಅಂದ."

ಕಲ್ಲು ತೆಗೆದು ಎಸೆದೆ. ಅವನ ಬೈಕಿಗೆ ತಾಗಿತು. ನೋಡಿದ.

"ನಿನ್ನ ಕೆಲಸ?"

"ಈ ತಿಂಗಳ ತನಕ. ಆಮ್ಯಾಲ ಬ್ಯಾಡ ಅಂದ್ರು ಮನೋಹರ್ ಸಾರ್."

"ಹುಚ್ಚ ಅದೀಯಲೇ. ನಾನು ಹೇಳಿ ಆಗಿತ್ತಲ್ಲ. ಮುಗುದು ಹೋಗಿತ್ತು."

"ನಿಂಗ ಮುಗುದಿತ್ತು. ದಿನಾ ಆ ನೆಲದ ಮ್ಯಾಲ ಅಡ್ಡಾಡೋನು ನಾನು." ಹುಬ್ಬಿನ ಧೂಳು ಒರೆಸಿಕೊಂಡ. "ನಿಮ್ಮವ್ವಗೂ ಹೇಳಿ ಬಂದೆ. ಪೊರಕಿ ತಗೊಂಡ್ಳು."

"ಹೊಡೆದ್ಲಾ?"

"ಎರಡು."

ನಗು ಬಂತು. ತಡೆದೆ. ಇಷ್ಟು ಸುಲಭಕ್ಕೆ ನಗಬಾರದು.

12.15

ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಪಕ್ಕದಲ್ಲಿ ಕುಂತಿದ್ದಾನೆ. ಸ್ಲ್ಯಾಬ್ ನೋಡುತ್ತಿದ್ದಾನೆ. ಮೂರು ವರ್ಷದಲ್ಲಿ ನನ್ನ ಜೊತೆ ಯಾರೂ ಕಾದಿರಲಿಲ್ಲ.

"ಏನಲೇ ಬರೀತಿದ್ದಿ?"

"ಏನಿಲ್ಲ."

"ನನ್ನ ಬೈದು ಬರದಿ."

"ಭಾಳ."

"ಕೊಡಿಲ್ಲಿ."

ಕೈ ಚಾಚಿದ್ದಾನೆ. ಕೊಡಲ್ಲ ಅಂದರೂ ತೆಗೆಯುತ್ತಿಲ್ಲ. ಬೈದಿದ್ದೆಲ್ಲ ಓದಲಿ, ಅದಕ್ಕೇನಿಲ್ಲ. ಜೂನ್ ಒಂಬತ್ತರ ಹಾಳೆ ಒಂದನ್ನು ಮಾತ್ರ ಮೊದಲು ಹರಿದು ಜೇಬಿಗಿಟ್ಟು ಕೊಡುತ್ತೇನೆ.