ಟೇಪಿನೊಳಗಿನ ಗುಂಯ್

ಪ್ರೀತಿಯ ಅಕ್ಕನಿಗೆ,

ಹರಿದು ಹಾಕುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿ. ಇಪ್ಪತ್ತೆರಡು ವರ್ಷದ ನಮ್ಮ ಜಗಳ ತೀರ್ಮಾನವಾಗಿದೆ. ಗೆದ್ದವಳು ನೀನು.

ಹೋದ ತಿಂಗಳು ನಿನ್ನ ಮಗಳು ಫೋನ್ ಮಾಡಿ, "ಮಾಮ, ಅಮ್ಮ ಹಾಡಿದ್ದು ಒಂದಾದ್ರೂ ಇದೆಯಾ? ಕೇಳಿದ್ರೆ ಬಾಯೇ ಬಿಡಲ್ಲ" ಅಂದಳು. ಇರುವುದು ಒಂದೇ ಕ್ಯಾಸೆಟ್, ರೇಡಿಯೋದವರಿಗೆ ಕಳಿಸಲೆಂದು ನಡುಮನೆಯಲ್ಲಿ ನಾನು ರೆಕಾರ್ಡ್ ಮಾಡಿದ್ದು. ಅವತ್ತು ಕಿಟಕಿಗಳಿಗೆ ಕಂಬಳಿ ಹೊದಿಸಿ, ಗಡಿಯಾರವನ್ನು ಹಾಸಿಗೆಯಲ್ಲಿ ಸುತ್ತಿಟ್ಟು, ಕೆಮ್ಮುತ್ತಾರೆಂದು ಅಪ್ಪನನ್ನು ಬೀದಿಗೆ ಅಟ್ಟಿ, ಹೆಡ್‌ಫೋನ್ ಏರಿಸಿಕೊಂಡು ದೊಡ್ಡ ಇಂಜಿನಿಯರನ ಗತ್ತಿನಲ್ಲಿ ಕೂತಿದ್ದೆ. ರೇಡಿಯೋದವರು "ಹಾಡಿನುದ್ದಕ್ಕೂ ಗುಂಯ್ ಎನ್ನುವ ಸದ್ದಿದೆ" ಎಂದು ಬರೆದು ವಾಪಸ್ ಕಳಿಸಿದರು. ನೀನು ನನ್ನ ಯಂತ್ರವನ್ನು ಬೈದೆ. ನಾನು "ಯಂತ್ರ ಸರಿಯಾಗೇ ಇದೆ, ನೀನೇ ಮೂಗಲ್ಲಿ ಹಾಡ್ತೀಯ" ಅಂದುಬಿಟ್ಟೆ. ಆಮೇಲೆ ನೀನು ಹಾಡಲೇ ಇಲ್ಲ. ನನ್ನ ಜೊತೆಗೂ "ಊಟ ಆಯ್ತಾ" ಬಿಟ್ಟರೆ ಬೇರೆ ಮಾತಿಲ್ಲ.

ಆ ಗುಂಯ್ ತೆಗೆಯೋಣವೆಂದು, ಬೇಡದ ಸದ್ದು ಸೋಸುವ ಒಂದು ಫಿಲ್ಟರ್ ಪೆಟ್ಟಿಗೆ ತಂದೆ. ಮೊದಲ ದಿನವಿಡೀ ಅದರಿಂದ ಒಂದು ಚೂರೂ ಸದ್ದು ಬರಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ತಣ್ಣಗೆ, "ಸರ್, ಹಿಂದುಗಡೆ ಬಾಣದ ಗುರುತಿದೆ. ಒಳಗೆ ಹೋಗೋ ವೈರನ್ನ ಹೊರಗೆ ಬರೋ ತೂತಿಗೆ ಹಾಕಿದೀರಾ ನೋಡಿ" ಅಂದ. ನೋಡಿದೆ. ಹಾಕಿದ್ದೆ. "ಈಗ ತಾನಾಗೇ ಸರಿಹೋಯ್ತು ಬಿಡಿ" ಅಂದು ಫೋನ್ ಇಟ್ಟೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಆ ಪೆಟ್ಟಿಗೆಗೆ ಮೂರು ತಿರುಗಿಸುವ ಗುಂಡಿಗಳಿವೆ. ಎಡಗಡೆಯದನ್ನು ತಿರುಗಿಸಿದರೆ ಫ್ಯಾನಿನ ಮೊರೆತ ಹೋಯಿತು, ಬಲಗಡೆಯದಕ್ಕೆ ಟೇಪಿನ ಸರಸರ ಅಡಗಿತು. ಗುಂಯ್ ಮಾತ್ರ ಜಗ್ಗಲಿಲ್ಲ. ನಡುವಿನ ಗುಂಡಿಯಿಂದ ಹಿಡಿಯಹೋದರೆ ಜಾರಿಕೊಳ್ಳುತ್ತಿತ್ತು. ನೀನು ಮೇಲಿನ ಸ್ವರಕ್ಕೆ ಹೋದಾಗ ಅದೂ ಹಿಂದೆಯೇ ಅರ್ಧ ದಾರಿ ಹತ್ತಿ, ಸುಸ್ತಾಗಿ ಇಳಿಯುತ್ತಿತ್ತು. ಕೊನೆಗೆ, ಪೆಟ್ಟಿಗೆ ಸೋಸಿ ತೆಗೆದ ಸದ್ದನ್ನು ಮಾತ್ರ ಕೇಳಿಸುವ ಸ್ವಿಚ್ ಒತ್ತಿದೆ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆಯೇ ಅಂದಳು: "ಇದು ನೀವೇ ಅಲ್ವಾ? ದಿನಾ ಗಡ್ಡ ಕೆರ್ಕೊಳ್ಳೋವಾಗ ಹೀಗೇ ಗುನುಗ್ತೀರಲ್ಲ."

ಹೌದು ಅಕ್ಕ, ನಾನೇ. ಅವತ್ತು ಹೆಡ್‌ಫೋನಿನಲ್ಲಿ ಕಿವಿತುಂಬ ನಿನ್ನ ದನಿಯಿತ್ತು, ಮೈಮರೆತು ಗುನುಗುತ್ತಿದ್ದುದು ನನಗೇ ತಿಳಿಯಲಿಲ್ಲ. ನಿನ್ನ ಮೂಗಿನದು ಏನೂ ತಪ್ಪಿಲ್ಲ. ನನ್ನ ಒಂದು ಮಾತಿಗೆ ನೀನು ಹಾಡನ್ನೇ ಬಿಟ್ಟೆ. ಕ್ಷಮಿಸು.

ಒಂದು ವಾರ ನನ್ನನ್ನು ಅಳಿಸಲು ಹೆಣಗಿದೆ. ಆದರೆ ನನ್ನನ್ನು ಕತ್ತರಿಸಿದಾಗಲೆಲ್ಲ ನಿನ್ನ ದನಿಯ ಒಂದು ತುಂಡೂ ಜೊತೆಗೇ ಹೋಗುತ್ತದೆ. ಅದಕ್ಕೇ ಹಾಗೇ ಬಿಟ್ಟು, ಕ್ಯಾಸೆಟ್ಟನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಮಗಳಿಗೆ ಕೇಳಿಸುವಾಗ ಗುಂಯ್ ಅನ್ನುವವನು ಯಾರೆಂದು ಹೇಳು, ನಗಲಿ.

ಇನ್ನೊಂದು ಸಲ ಹಾಡುತ್ತೀಯಾ? ಭಾನುವಾರ ಯಂತ್ರ ಹೊತ್ತುಕೊಂಡು ನಾನೇ ಬರುತ್ತೇನೆ. ಕಿಟಕಿಗೆ ಕಂಬಳಿ ಹೊದಿಸಿ, ರೆಕಾರ್ಡ್ ಗುಂಡಿ ಒತ್ತಿ, ಅವತ್ತು ಅಪ್ಪ ನಿಂತಿದ್ದ ಹಾಗೆ ಬೀದಿಯಲ್ಲಿ ಹೋಗಿ ನಿಲ್ಲುತ್ತೇನೆ. ಮುಗಿದ ಮೇಲೆ ಕರೆ.

ನಿನ್ನ ಗಂಟಲು ತಣ್ಣಗಿರಲಿ.

ಇಂತಿ,
ಬಾಯಿ ಮುಚ್ಚಿಕೊಂಡಿರುವುದನ್ನು ಈಗ ಕಲಿಯುತ್ತಿರುವ
ನಿನ್ನ ತಮ್ಮ